ಹುತ್ತರಿ ಕಳ್ದ ಮೇಲೆ ಮೂರು ದಿನ: ತಲಚೇರಿ, ಕಣ್ಣೂರು, ಕಲ್ಲಿಕೋಟೆ. ಅವ್ವನ್ನ ಕರ್ಕೊಂಡು ಹೋಗ್ಬೋದಾ?

ಅಮ್ಮತ್ತಿ_ರೋಬಸ್ಟಾ · ರಾತ್ರಿ 8:40

ಎಲ್ಲರಿಗೂ ನಮಸ್ಕಾರ. ನಾನು ಕೊಡಗಿನ ಅಮ್ಮತ್ತಿಯವ. ನಮ್ಮ ಸುಗ್ಗಿ ಹಬ್ಬ ಹುತ್ತರಿ ಮುಗಿದ ಮೇಲೆ ಮೂರು ದಿನ ಬಿಡುವು ಸಿಗೋ ಹಾಗುಂಟು. ನಮ್ದು ಪೂರ್ತಿ ರೋಬಸ್ಟಾ ಕಾಫಿ, ಜನವರಿವರೆಗೆ ಕೊಯ್ಲಿನ ತಲೆಬಿಸಿ ಇಲ್ಲ, ಮಗಳ ಸ್ಕೂಲಿಗೂ ರಜೆ. ನಾನು, ಹೆಂಡ್ತಿ, ಎಂಟು ವರ್ಷದ ಮಗಳು, ಮತ್ತೆ ನನ್ನ ಅವ್ವ. ಅವ್ವಂಗೆ 71. ಸಮುದ್ರ ನೋಡಿದ್ದು ಜೀವನದಲ್ಲಿ ಒಂದೇ ಸಲ, ಅದೂ ಅಪ್ಪನ್ನ ಮಂಗ್ಳೂರಿಗೆ ಆಸ್ಪತ್ರೆಗೆ ಕರ್ಕೊಂಡು ಹೋದಾಗ ಕಾರಿನ ಕಿಟಕಿಯಿಂದ, ಇಷ್ಟೇನಾ ಅಂದಿದ್ರು. ವಾರಕ್ಕೆರಡು ಸಲ ಕೇರಳದ ಮೀನು ತಿಂತೀವಿ, ಆ ಮೀನು ಎಲ್ಲಿಂದ ಬರುತ್ತೆ ಅಂತ ನೋಡೋಕೆ ಹೋಗಿಲ್ಲ ಅಂದ್ರೆ ನಮ್ಗೇ ನಾಚಿಕೆ.

ಯೋಚನೆ ಇಷ್ಟು: ಎರಡು ರಾತ್ರಿ, ಸಮುದ್ರ ಇರೋ ಒಂದೆರಡು ಊರು, ಮತ್ತೆ ಹಳೇ ಕಾಲದ್ದು ಏನಾದ್ರೂ ಇರೋ ಒಂದು ದೊಡ್ಡ ಪಟ್ಣ. ಅವ್ವಂಗೆ ಮಂಡಿ ನೋವು, ಜಾಸ್ತಿ ಮೆಟ್ಲು ಆಗಲ್ಲ. ಕೇರಳಕ್ಕೆ ಇಳಿಯೋ ಮಾಕುಟ್ಟ ಘಟ್ಟದ ರೋಡು ಈಗ ಹೇಗುಂಟು? ಹೋಗಿ ಬಂದವ್ರು ಹೇಳಿ.

ಪೇಟೆ ಹುಡುಗ · ರಾತ್ರಿ 8:52

ಅಣ್ಣ ಕಣ್ಣು ಮುಚ್ಚಿ ಹೋಗಿ. ಪೆರುಂಬಾಡಿ, ಮಾಕುಟ್ಟ, ಕೂಟುಪೊಳೆ, ಇರಿಟ್ಟಿ, ಮಟ್ಟನ್ನೂರು, ಕೂತುಪರಂಬ, ತಲಚೇರಿ. ವಿರಾಜಪೇಟೆಯಿಂದ ನೂರು ಕಿಲೋಮೀಟರೂ ಇಲ್ಲ. 2018ರ ಮಳೆಗೆ ಕುಸಿದಾಗ ತಿಂಗಳುಗಟ್ಲೆ ತೊಂದ್ರೆ ಕೊಟ್ಟ ರೋಡದು, ಈಗ ಹೋಗೋಕೆ ಏನೂ ಅಡ್ಡಿ ಇಲ್ಲ, ಆದ್ರೆ ತಿರುವಲ್ಲಿ ಕೇರಳ ಬಸ್ಸಿನವ್ರು ಹಾರ್ನೂ ಹಾಕದೆ ಬರ್ತಾರೆ. ಕಾಡಲ್ಲಿ ಎಲ್ಲೂ ನಿಲ್ಲಿಸ್ಬೇಡಿ, ಸಂಜೆ ಮೇಲೆ ಆನೆ. ಬೆಳಿಗ್ಗೆ ಆರೂವರೆಗೆ ಬಿಟ್ರೆ ಒಂಬತ್ತೂವರೆಗೆ ತಲಚೇರಿಲಿ ತಿಂಡಿ ತಿನ್ನಬಹುದು.

ಸಂಪಾಜೆ ಗಾಳಿ · ರಾತ್ರಿ 9:05

ನಮ್ಮ ಕರಾವಳಿ ಬಿಟ್ಟು ಅಲ್ಲಿಗೆ ಯಾಕೆ ಮಾರಾಯ್ರೆ. ಸಂಪಾಜೆ ಇಳಿದ್ರೆ ಸುಳ್ಯ, ಪುತ್ತೂರು, ಮಂಗ್ಳೂರು. ಉಳ್ಳಾಲದಲ್ಲಿ ಅಬ್ಬಕ್ಕನ ಊರು ನೋಡಿ, ಮಾರನೇ ದಿನ ಉಡುಪಿ, ಮಲ್ಪೆ, ಬೋಟಲ್ಲಿ ಸೇಂಟ್ ಮೇರೀಸ್ ದ್ವೀಪ. ಕಂಬ ನಿಲ್ಲಿಸಿದ ಹಾಗಿರೋ ಕಪ್ಪು ಕಲ್ಲು, ಮಗೂಗೆ ಖುಷಿಯಾಗುತ್ತೆ. ಭಾಷೆ ತೊಂದ್ರೆನೂ ಇಲ್ಲ.

ಕರಿಕೆ ಕಡೆಯವ · ರಾತ್ರಿ 9:21

ಮಧ್ಯದ ದಾರಿ ಒಂದುಂಟು. ಭಾಗಮಂಡಲ, ಕರಿಕೆ, ಪಾಣತ್ತೂರು, ಕಾಞಂಗಾಡ್, ಬೇಕಲ. ಕೋಟೆ ಕಟ್ಟಿಸಿದ್ದು ನಮ್ಮ ಕೆಳದಿ ಶಿವಪ್ಪ ನಾಯಕ, 1650ರ ಸುಮಾರಿಗೆ. ನಲವತ್ತು ಎಕರೆ, ಕೇರಳದಲ್ಲೇ ದೊಡ್ಡ ಕೋಟೆ. ಕೊಡಗು ಆಳಿದ ಹಾಲೇರಿ ರಾಜರೂ ಅದೇ ಮೂಲದವ್ರು ಅಂತಾರಲ್ಲ, ಹಾಗಾಗಿ ಒಂಥರಾ ನೆಂಟರ ಮನೆ. ಆದ್ರೆ ಅಲ್ಲಿ ನೆರಳಿಲ್ಲ, ಅವ್ವನ್ನ ಮಧ್ಯಾಹ್ನ ಕರ್ಕೊಂಡು ಹೋಗ್ಬೇಡಿ.

ಅಮ್ಮತ್ತಿ_ರೋಬಸ್ಟಾ · ರಾತ್ರಿ 9:30

ಮಂಗ್ಳೂರು ಅಂದ್ರೆ ಅವ್ವಂಗೆ ಆಸ್ಪತ್ರೆ ನೆನಪಾಗುತ್ತೆ, ಅದಕ್ಕೇ ಬೇಡ. ಬೇಕಲ ಮುಂದಿನ ವರ್ಷಕ್ಕೆ. ಕಲ್ಲಿಕೋಟೆವರೆಗೆ ಕಾರಲ್ಲಿ ಹೋಗ್ಬೋದಾ? ಹೈವೇ ಕೆಲಸ ನಡೀತಾ ಉಂಟಲ್ಲ.

ಏಲಕ್ಕಿ ಕಾಯಿ · ರಾತ್ರಿ 10:02

ನಾನು ನಾಪೋಕ್ಲು, ಕೆಲಸದ ಮೇಲೆ ನಾಲ್ಕು ವರ್ಷ ತಲಚೇರಿಲಿ ಇದ್ದೆ, ಹೇಳ್ತೀನಿ ಕೇಳಿ. ಕಾರ್ ತಲಚೇರಿಲೇ ಬಿಟ್ಟು ಕಲ್ಲಿಕೋಟೆಗೆ ರೈಲಲ್ಲಿ ಹೋಗಿ. ತಲಚೇರಿ-ಮಾಹೆ ಬೈಪಾಸ್ 2024ರ ಮಾರ್ಚಲ್ಲಿ ಓಪನ್ ಆಯ್ತು, ಅಷ್ಟು ದೂರ ಚೆಂದ, ಅಳಿಯೂರಿಂದ ಆ ಕಡೆ ವಡಗರ ದಾಟೋದ್ರಲ್ಲಿ ಜೀವ ಬಾಯಿಗೆ ಬರುತ್ತೆ. ರೈಲಲ್ಲಿ ಒಂದು ಒಂದೂಕಾಲು ಗಂಟೆ, ಬಲಗಡೆ ಕಿಟಕಿ ಹಿಡೀರಿ, ಎಲತ್ತೂರು ಹತ್ರ ಕೋರಪ್ಪುಳ ಸೇತುವೆ ಬರುತ್ತೆ, ನೀರು ಸಮುದ್ರ ಸೇರೋ ಕಡೆ ಕಾಣುತ್ತೆ. ನಮ್ಮ ಜಿಲ್ಲೆಲಿ ರೈಲೇ ಇಲ್ಲ, ಮಗೂಗೂ ಒಂದು ಮೋಜು.

ತಿನ್ನೋದು: ತಲಚೇರಿ ಬಿರಿಯಾನಿಗೆ ಬಾಸ್ಮತಿ ಹಾಕಲ್ಲ, ಸಣ್ಣ ಕಾಳಿನ ಜೀರಗಸಾಲೆ, ಅಲ್ಲಿ ಕೈಮಾ ಅಂತಾರೆ. ಮಸಾಲೆ ಬೇರೆ, ಅನ್ನ ಬೇರೆ ಮಾಡಿ ಆಮೇಲೆ ದಮ್ಮಿಗೆ ಇಡೋದು, ಹಾಗಾಗಿ ಖಾರ ಕಮ್ಮಿ, ವಯಸ್ಸಾದವ್ರಿಗೂ ಆಗುತ್ತೆ. ಇನ್ನೊಂದು ಅರಿಕ್ಕಡುಕ್ಕ. ಕಲ್ಲುಮ್ಮಕಾಯಿ ಅಂದ್ರೆ ಸಮುದ್ರದ ಚಿಪ್ಪುಮೀನು, ಅದರ ಚಿಪ್ಪೊಳಗೆ ಅಕ್ಕಿ, ತೆಂಗಿನಕಾಯಿ, ಸೋಂಪು ರುಬ್ಬಿ ತುಂಬಿ, ಹಬೇಲಿ ಬೇಯಿಸಿ, ಚಿಪ್ಪು ಬಿಡಿಸಿ, ಖಾರ ಹಚ್ಚಿ ಕರಿಯೋದು. ಟೀ ಅಂಗಡಿಲಿ ಸಂಜೆ ನಾಲ್ಕಕ್ಕೆ ಸಿಗುತ್ತೆ, ಐದೂವರೆಗೆ ಖಾಲಿ. ಬೇಕರಿಗೂ ಹೋಗಿ, 1883ರಲ್ಲಿ ಮಂಬಳ್ಳಿ ಬಾಪು ಅನ್ನೋವ್ರು ಕ್ರಿಸ್‌ಮಸ್ ಕೇಕ್ ಮಾಡಿದ ಊರು ಅದು.

ಜೀಪ್ ಮಾವ · ರಾತ್ರಿ 10:15

ಮುಳಪ್ಪಿಲಂಗಾಡ್ ಬೀಚಿಗೆ ಗಾಡಿ ಇಳಿಸ್ತೀರಾ? ನಾಲ್ಕು ಕಿಲೋಮೀಟರ್ ಮರಳ ಮೇಲೆ ಓಡಿಸ್ಬೋದು, ಮಜಾ ಉಂಟು. ಆದ್ರೆ ಮೂರು ಮಾತು ನೆನಪಿಟ್ಕೊಳ್ಳಿ. ನೀರಿನ ಹತ್ರ ಒದ್ದೆ ಮರಳು ಗಟ್ಟಿ, ಮೇಲಿನ ಒಣ ಮರಳು ಹಿಟ್ಟು, ಅಲ್ಲಿಗೆ ಹೋದ್ರೆ ಹೂತ್ಕೊಳ್ಳೋದೇ. ಉಬ್ಬರ ಇಳಿತದ ಟೈಮ್ ನೋಡಿ ಇಳೀರಿ, ದಿನಕ್ಕೆರಡು ಸಲ ಬರುತ್ತೆ, ಪ್ರತಿ ದಿನ ಮುಕ್ಕಾಲು ಗಂಟೆ ಮೇಲೆ ತಡ ಆಗ್ತಾ ಹೋಗುತ್ತೆ. ನಿಲ್ಲಿಸಿ ಫೋಟೋ ತೆಗೀತಾ ಕೂರ್ಬೇಡಿ. ನಮ್ಮ ಜೀಪೇ ಒಂದ್ಸಲ ತಿಣುಕಿದೆ, ನಿಮ್ಮ ಸಣ್ಣ ಕಾರು ಬೇಡ ಅಂತಲೇ ನನ್ನ ಸಲಹೆ.

ಮೇಷ್ಟ್ರು_ನಿವೃತ್ತ · ರಾತ್ರಿ 11:10

ನಿದ್ದೆ ಬರ್ತಿಲ್ಲ, ಹಾಗಾಗಿ ಸ್ವಲ್ಪ ಉದ್ದ ಬರೀತೀನಿ, ಬೇಜಾರಾದವ್ರು ಬಿಟ್ಟು ಮುಂದೆ ಹೋಗಿ.

ಈ ರೋಡು ಬರೀ ಮೀನಿನ ಲಾರಿ ರೋಡಲ್ಲ. ಕೊಡಗಿನ ರಾಜ ದೊಡ್ಡ ವೀರರಾಜೇಂದ್ರ 1790ರಲ್ಲಿ ಇಂಗ್ಲಿಷ್ ಕಂಪನಿ ಜೊತೆ ಒಪ್ಪಂದ ಮಾಡ್ಕೊಂಡಾಗ ಆ ಕಡೆಯಿಂದ ಸಹಿ ಹಾಕಿದ್ದು ತಲಚೇರಿಯ ಮುಖ್ಯಸ್ಥ ರಾಬರ್ಟ್ ಟೇಲರ್. ಮಾರನೇ ವರ್ಷ ಜನರಲ್ ಅಬರ್‌ಕ್ರಾಂಬಿಯ ಬಾಂಬೆ ಸೇನೆ ಮಲಬಾರಿಂದ ಘಟ್ಟ ಹತ್ತಿ ಶ್ರೀರಂಗಪಟ್ಣದ ಕಡೆ ಹೋಯ್ತು. ರಾಜನೂ ಜನರಲ್ಲೂ ಭೇಟಿಯಾದ ನೆನಪಿಗೆ 1792ರಲ್ಲಿ ಕಟ್ಟಿದ ಪೇಟೆಯೇ ನಮ್ಮ ವಿರಾಜಪೇಟೆ. ನೀವು ಮನೆಯಿಂದ ಹೊರಟು ಮೊದಲ ಟೀ ಕುಡಿಯೋ ಊರೇ ತಲಚೇರಿ ನಂಟಿನದು ಅಂದ್ಕೊಳ್ಳಿ. ಅದಕ್ಕಿಂತ ಹಳೇದು ಅಕ್ಕಿಯ ನಂಟು. ಕಣ್ಣೂರು ಕಡೆಯ ಪಯ್ಯಾವೂರು ಶಿವನ ಊಟ್ಟು ಉತ್ಸವಕ್ಕೆ ಇವತ್ತಿಗೂ ಕೊಡಗಿನವ್ರು ಎತ್ತಿನ ಮೇಲೆ ಅಕ್ಕಿ ಹೇರ್ಕೊಂಡು ಹೋಗ್ತಾರೆ.

ತಲಚೇರಿ ಕೋಟೆ ಕಂಪನಿಯವ್ರು 1708ರಲ್ಲಿ ಕಟ್ಟಿದ್ದು, ಮೆಣಸು, ಏಲಕ್ಕಿ ವ್ಯಾಪಾರ ಕಾಯೋಕೆ. ಚಿಕ್ಕದು, ಮೆಟ್ಲು ಕಮ್ಮಿ. ಹತ್ರ ಇಲ್ಲಿಕುನ್ನಲ್ಲಿ ಗುಂಡರ್ಟ್ ಬಂಗ್ಲೆ ನೋಡ್ದೆ ಬರ್ಬೇಡಿ. ಜರ್ಮನ್ ಪಾದ್ರಿ ಹರ್ಮನ್ ಗುಂಡರ್ಟ್ 1847ರಲ್ಲಿ ಮಲಯಾಳದ ಮೊದಲ ಪತ್ರಿಕೆ ಹೊರಡಿಸಿದ್ದು ಅಲ್ಲಿಂದಲೇ, 1872ರಲ್ಲಿ ಮಲಯಾಳಂ-ಇಂಗ್ಲಿಷ್ ನಿಘಂಟು ತಂದ. ಅವನ ಜೊತೆಗಾರ ಮೊಗ್ಲಿಂಗ್ 1843ರಲ್ಲೇ ಮಂಗಳೂರಲ್ಲಿ ಕನ್ನಡದ ಮೊದಲ ಪತ್ರಿಕೆ ಮಾಡಿದ್ದ, ಆಮೇಲೆ ಕೊಡಗಿಗೆ ಬಂದು ಸಿದ್ದಾಪುರದ ಹತ್ರ ಆನಂದಪುರದಲ್ಲಿ ನೆಲೆ ಮಾಡ್ದ. ನಿಮ್ಮ ಅಮ್ಮತ್ತಿಯಿಂದ ಅದು ಕಣ್ಣಳತೆ ದೂರ!

ಕಲ್ಲಿಕೋಟೆಗೆ ಹೋದ್ರೆ ಎಲ್ರೂ ವಾಸ್ಕೋ ಡ ಗಾಮ ಅಂತ ಕಾಪ್ಪಾಡ್ ಬೀಚಿಗೆ ಓಡ್ತಾರೆ, 1498ರ ಮೇ 20. ನನ್ ಕೇಳಿದ್ರೆ ಅದಕ್ಕಿಂತ ಚೆಂದದ ಕತೆ ಅವನು ಅಲ್ಲಿನ ರಾಜ ಸಾಮೂದಿರಿಗೆ ತಂದ ಉಡುಗೊರೆದು. ಒಂದಷ್ಟು ಬಟ್ಟೆ, ಆರು ಟೋಪಿ, ಹವಳದ ಸರ, ಕೈ ತೊಳೆಯೋ ಬೋಗುಣಿ ಆರು, ಸಕ್ಕರೆ, ಎಣ್ಣೆ, ಜೇನು. ಅರಬ್ಬರು, ಚೀನಾದವ್ರು ಹಡಗು ತುಂಬ ಸರಕು ತಂದು ಇಳಿಸಿದ್ದ ಬಂದರಿಗೆ ಇವನು ಜೇನು ತಂದ! ಕೊಡಗಿನವ್ರ ಮನೆಗೆ ಕಿತ್ತಳೆ ಹಣ್ಣು ತಗೊಂಡು ಹೋದ ಹಾಗೆ. ಆಸ್ಥಾನದವ್ರು ನಕ್ಕರು, ಅವನಿಗೆ ಸಿಟ್ಟು ಬಂತು. ನೀವು ಕಾಪ್ಪಾಡ್ ಬಿಟ್ಟು ಕುಟ್ಟಿಚಿರ ಕೆರೆ ಹತ್ರ ಹೋಗಿ, ಮಿಷ್ಕಾಲ್ ಪಳ್ಳಿ ನೋಡಿ. ಗುಮ್ಮಟ, ಮಿನಾರು ಏನೂ ಇಲ್ಲದೆ ಮರದಲ್ಲಿ ಮಹಡಿ ಮೇಲೆ ಮಹಡಿ ಏರಿಸಿ ಹೆಂಚು ಹೊದೆಸಿದ ಮಸೀದಿ. 1510ರಲ್ಲಿ ಪೋರ್ಚುಗೀಸರು ಬೆಂಕಿ ಇಟ್ಟಿದ್ರು, ಮತ್ತೆ ಎದ್ದು ನಿಂತಿದೆ.

ಪೇಟೆ ಹುಡುಗ · ರಾತ್ರಿ 11:24

ಮೇಷ್ಟ್ರೇ ನಾವು ಮಾಹೆ ಬಗ್ಗೆ ಕೇಳೋಣ ಅಂತಿದ್ವಿ 😄

ಮೇಷ್ಟ್ರು_ನಿವೃತ್ತ · ರಾತ್ರಿ 11:31

ಮಾಹೆ 1954ರವರೆಗೆ ಫ್ರೆಂಚರ ಕೈಲಿತ್ತು, ಈಗ ಪುದುಚೇರಿಗೆ ಸೇರಿದ್ದು, ಇಡೀ ಊರು ಒಂಬತ್ತು ಚದರ ಕಿಲೋಮೀಟರ್. ಹೊಳೆ ದಡದಲ್ಲಿ ನಡೆಯೋಕೆ ಒಳ್ಳೇ ಜಾಗ. ನೀನು ಕೇಳಿದ ಮಾಹೆ ಯಾವುದು ಅಂತ ನಂಗೆ ಗೊತ್ತು, ಅದಕ್ಕೆ ಜೀಪ್ ಮಾವನ್ನ ಕೇಳು.

ಜೀಪ್ ಮಾವ · ರಾತ್ರಿ 11:40

ಕುಡಿಯೋದಾದ್ರೆ ಅಲ್ಲೇ ಕುಡ್ದು ಅಲ್ಲೇ ಮಲ್ಕೋ. ಗಡಿ ದಾಟಿಸಿ ತರೋಕೆ ಹೋಗ್ಬೇಡ, ದಾರಿಲಿ ಎಕ್ಸೈಸಿನವ್ರು ಡಿಕ್ಕಿ ತೆಗ್ಸಿ ನೋಡ್ತಾರೆ, ಅವ್ವ ಹಿಂದಿನ ಸೀಟಲ್ಲಿ ಇದ್ರೆ ಮರ್ಯಾದೆ ಪ್ರಶ್ನೆ. ಪೆಟ್ರೋಲ್ ಮಾತ್ರ ಅಲ್ಲೇ ಹಾಕ್ಸಿ, ತೆರಿಗೆ ಕಮ್ಮಿ.

ಏಲಕ್ಕಿ ಕಾಯಿ · ಬೆಳಿಗ್ಗೆ 6:50

ವಾಪಸ್ ಬರೋವಾಗ ಪರಶ್ಶಿನಿಕಡವು ಸೇರಿಸ್ಕೊಳ್ಳಿ. ಮುತ್ತಪ್ಪ ದೈವದ ತೆರೆ, ಅಂದ್ರೆ ವೇಷ ಕಟ್ಟಿ ಕುಣಿಯೋ ಕೋಲ, ಬೆಳಿಗ್ಗೆ ಬೇಗ ಒಂದ್ಸಲ, ಸಂಜೆ ಒಂದ್ಸಲ ನಡೆಯುತ್ತೆ, ಬೇರೆ ಕಡೆ ಹಾಗೆ ಸೀಸನ್ ಕಾಯಬೇಕಾಗಿಲ್ಲ. ಪ್ರಸಾದಕ್ಕೆ ಬೇಯಿಸಿದ ಕಾಳು, ತೆಂಗಿನಕಾಯಿ ಚೂರು, ಟೀ. ಅಲ್ಲಿಂದ ತಳಿಪರಂಬ ಮೇಲೆ ಇರಿಟ್ಟಿಗೆ ಬಂದುಬಿಡ್ಬೋದು.

ಅಮ್ಮತ್ತಿ_ರೋಬಸ್ಟಾ · ಬೆಳಿಗ್ಗೆ 7:15

ಎಲ್ರಿಗೂ ತುಂಬ ಥ್ಯಾಂಕ್ಸ್. ರೈಲು ಪಕ್ಕಾ. ಬಂದ್ಮೇಲೆ ಬರೀತೀನಿ.

ಅಮ್ಮತ್ತಿ_ರೋಬಸ್ಟಾ · ಹತ್ತು ದಿನದ ನಂತರ, ರಾತ್ರಿ 9:00

ಬಂದ್ವಿ. ಬಂದು ನಾಲ್ಕು ದಿನ ಆಯ್ತು, ಕಾರ್ ತೊಳ್ಯೋದ್ರಲ್ಲೇ ಎರಡು ದಿನ ಹೋಯ್ತು, ಯಾಕೆ ಅಂತ ಕೊನೇಲಿ ಹೇಳ್ತೀನಿ, ಜೀಪ್ ಮಾವ ನಗಬಾರದು.

ಮೊದಲನೇ ದಿನ ಘಟ್ಟ ಇಳಿಯೋವಾಗ ಮಂಜಿತ್ತು, ಕೂಟುಪೊಳೆ ಸೇತುವೆ ದಾಟಿದ್ದೇ ಸ್ವೆಟರ್ ಬಿಚ್ಚಿದ್ವಿ. ತಲಚೇರಿಲಿ ತಿಂಡಿಗೆ ಪತ್ತಿರಿ ತಗೊಂಡ್ವಿ, ಅಕ್ಕಿಹಿಟ್ಟಿನ ತೆಳು ರೊಟ್ಟಿ. ಅವ್ವ ಒಂದನ್ನ ಎತ್ತಿ ಬೆಳಕಿಗೆ ಹಿಡಿದ್ರು, ಆ ಕಡೆ ಗೋಡೆ ಗಡಿಯಾರ ಕಾಣ್ತಿತ್ತು. "ಅನ್ನ ಹಾಕಿ ನಾದಿಲ್ಲ, ಅದಕ್ಕೇ ಕಾಗದದ ಹಾಗಿದೆ" ಅಂದ್ರು. ಅನ್ನ ಹಾಕಿ ನಾದೋ ನಮ್ಮ ಅಕ್ಕಿ ಒಟ್ಟಿ ಮುಂದೆ ಯಾವ ರೊಟ್ಟಿನೂ ಪಾಸಾಗಲ್ಲ ಅವ್ರ ಹತ್ರ. ಆದ್ರೆ ನಾಲ್ಕು ತಿಂದ್ರು.

ಕೋಟೆಲಿ ಮೇಷ್ಟ್ರು ಹೇಳಿದ್ದನ್ನೆಲ್ಲ ನಾನು ಗೈಡ್ ಹಾಗೆ ಒಪ್ಪಿಸಿದೆ. ಮೆಣಸಿಗೋಸ್ಕರ ಅಷ್ಟು ದೂರದಿಂದ ಬಂದು ಕೋಟೆ ಕಟ್ಟಿದ್ರು ಅಂದಾಗ ಅವ್ವ ಕೇಳಿದ್ದು ಒಂದೇ ಪ್ರಶ್ನೆ, "ಕೆಜಿಗೆ ಎಷ್ಟು ಕೊಡ್ತಿದ್ರಂತೆ?" ಪಕ್ಕದಲ್ಲಿದ್ದ ಕಾವಲುಗಾರ ಕನ್ನಡ ಬರೋವ್ನು, ಜೋರಾಗಿ ನಕ್ಕ. ಗುಂಡರ್ಟ್ ಬಂಗ್ಲೆಲಿ ಅವ್ವ ಹೊರಗೆ ಕೂತ್ರು, ಮಂಡಿ ನೋವು. ನಾನೂ ಮಗಳೂ ನೋಡಿದ್ವಿ.

ಎರಡನೇ ದಿನ ರೈಲು. ಇಲ್ಲೇ ನಂಗೆ ಗೊತ್ತಾಗದೇ ಇದ್ದ ವಿಷ್ಯ ಒಂದು ಹೊರಗೆ ಬಂತು. ಪ್ಲಾಟ್‌ಫಾರಂ ಮೇಲೆ ಅವ್ವ ಸೆರಗು ಬಿಗಿ ಹಿಡ್ಕೊಂಡು ಹಳಿ ಕಡೆನೇ ನೋಡ್ತಾ ನಿಂತಿದ್ರು, ಹೆಂಡ್ತಿ ಮೆಲ್ಲಗೆ ಕೇಳಿದ್ಲು, ಅತ್ತೆ ನೀವು ರೈಲು ಹತ್ತಿದ್ದೀರಾ ಅಂತ. ಇಲ್ಲ. 71 ವರ್ಷ. ಮೈಸೂರಿಗೆ ಬಸ್ಸು, ಬೆಂಗ್ಳೂರಿಗೆ ಬಸ್ಸು, ಅಪ್ಪ ಹೋದ್ಮೇಲೆ ಅದೂ ಇಲ್ಲ. ನಾವೂ ಕೇಳಿರ್ಲಿಲ್ಲ, ಅವ್ರೂ ಹೇಳಿರ್ಲಿಲ್ಲ. ಗಾಡಿ ಬಂದು ನಿಂತಾಗ ಹತ್ತೋಕೆ ನಾನು ಕೈ ಕೊಟ್ಟೆ, ಬೇಡ ಅಂದ್ರು. ಕಂಬಿ ಹಿಡ್ಕೊಂಡು, ಮನೆ ಅಟ್ಟದ ಏಣಿ ಹತ್ತೋ ಹಾಗೆ ಒಂದೊಂದೇ ಕಾಲಿಟ್ಟು ಹತ್ತಿದ್ರು. ಬಲಗಡೆ ಕಿಟಕಿಲಿ ಕಾಲೇಜ್ ಹುಡುಗ ಒಬ್ಬ ಕೂತಿದ್ದ, ಅವ್ವನ್ನ ನೋಡಿ ತಾನೇ ಎದ್ದ. ಮಾಹೆ, ವಡಗರ, ಕೊಯಿಲಾಂಡಿ, ಒಂದು ಹೊಳೆ, ಮತ್ತೊಂದು ಹೊಳೆ, ತೆಂಗಿನ ತೋಟದ ಮಧ್ಯ ಬಟ್ಟೆ ಒಣಗಾಕಿದ್ದು. ಅವ್ವ ಮಾತೇ ಆಡ್ಲಿಲ್ಲ. ಕೋರಪ್ಪುಳ ಸೇತುವೆ ಮೇಲೆ ಸದ್ದು ಬದಲಾಯ್ತಲ್ಲ, ಆಗ ಮಾತ್ರ ಮಗಳ ಕೈ ಹಿಡ್ಕೊಂಡ್ರು, ಸೇತುವೆ ಮುಗಿದ್ಮೇಲೂ ಬಿಡ್ಲಿಲ್ಲ.

ಕಲ್ಲಿಕೋಟೆಲಿ ಆಟೋ ಹಿಡಿದು ಕುಟ್ಟಿಚಿರ. ಮಿಷ್ಕಾಲ್ ಪಳ್ಳಿ ಒಳಗೆ ಹೋಗ್ಲಿಲ್ಲ, ಕೆರೆ ದಂಡೆ ಕಲ್ಲಿನ ಮೇಲೆ ಕೂತು ನೋಡಿದ್ವಿ. ನೀಲಿ ಬಣ್ಣದ ಮರದ ಜಾಲರಿ, ಮೇಲೆ ಹೆಂಚು. ನಾನು ಮಸೀದಿ ಅಂದ್ಮೇಲೂ ಅವ್ವಂಗೆ ಅದು ನಮ್ಮ ಕಡೆಯ ದೊಡ್ಡ ಐನ್‌ಮನೆ, ಅಂದ್ರೆ ಕುಟುಂಬದ ಮೂಲಮನೆ ಹಾಗೇ ಕಂಡಿದ್ದು. ಕೆರೆಲಿ ಹುಡುಗರು ಈಜ್ತಿದ್ರು. ಅಲ್ಲಿಂದ ಮಿಠಾಯಿ ತೆರುವು. ಒಳಗೆ ಗಾಡಿ ಬಿಡಲ್ಲ, ನಡೀಬೇಕು, ಆದ್ರೆ ಕೂರೋಕೆ ಕಟ್ಟೆ ಉಂಟು. ಹಲ್ವಾ ಅಂಗಡಿಯವ್ನು ಕೆಂಪು, ಹಸಿರು, ಕಪ್ಪು ಅಂತ ಹದಿನೈದು ಬಗೆ ಚೂರು ಕೊಟ್ಟ ರುಚಿ ನೋಡೋಕೆ, ಕೊನೆಗೆ ನಾವು ತಗೊಂಡಿದ್ದು ಅರ್ಧ ಕೆಜಿ, ನಾಚಿಕೆ ಆಗಿ ಇನ್ನರ್ಧ ಸೇರಿಸಿದೆ. ಯುನೆಸ್ಕೋದವ್ರು 2023ರಲ್ಲಿ ಸಾಹಿತ್ಯದ ನಗರ ಅಂತ ಹೆಸ್ರು ಕೊಟ್ಟ ಊರಂತೆ, ನಾನು ನೋಡಿದ್ದೆಲ್ಲ ಹಲ್ವಾನೇ. ಸಂಜೆ ಬೀಚಲ್ಲಿ ಹಳೇ ಕಡಲಸೇತುವೆಯ ತುಕ್ಕು ಹಿಡಿದ ಕಂಬಗಳು ನೀರಲ್ಲಿ ನಿಂತಿವೆ, ಅದರ ಎದುರು ಉಪ್ಪುನೀರಲ್ಲಿ ಹಾಕಿದ ಮಾವಿನಕಾಯಿ, ಅನಾನಸು ಮಾರ್ತಾರೆ. ಮಗಳು ಮೂರು ಪ್ಲೇಟ್ ತಿಂದು ರಾತ್ರಿ ಹೊಟ್ಟೆ ನೋವು ಮಾಡ್ಕೊಂಡ್ಲು.

ಈಗ ಕಾರಿನ ಕತೆ. ಮೂರನೇ ದಿನ ಬೆಳಿಗ್ಗೆ ಮುಳಪ್ಪಿಲಂಗಾಡ್. ಎಲ್ರೂ ಇಳಿಸಿದ್ದಾರೆ, ನಾನೂ ಇಳಿಸ್ದೆ. ಗಟ್ಟಿ ಮರಳು, ಗಾಜಿನ ಮೇಲೆ ಹೋದ ಹಾಗೆ. ಧರ್ಮಡಂ ದ್ವೀಪ ಚೆಂದ ಕಾಣೋ ಜಾಗದಲ್ಲಿ ನಿಲ್ಲಿಸಿ ಅವ್ವನ್ನ ನೀರಿಗೆ ಇಳಿಸಿದ್ವಿ. ಚಪ್ಪಲಿ ಕೈಲಿ ಹಿಡ್ಕೊಂಡು ಪಾದ ಮುಳುಗೋ ಅಷ್ಟು ನೀರಲ್ಲಿ ನಿಂತ್ರು, ಅಲೆ ವಾಪಸ್ ಹೋಗೋವಾಗ ಕಾಲ ಕೆಳಗಿನ ಮರಳು ಜಾರುತ್ತಲ್ಲ, ಬೆಚ್ಚಿಬಿದ್ದು "ಎಳೀತದೆ, ಎಳೀತದೆ" ಅಂತ ನಕ್ಕರು. ನಾವು ವಿಡಿಯೋ ಮಾಡ್ತಾ ನಿಂತ್ವಿ. ಅರ್ಧ ಗಂಟೆ ಆಗಿರ್ಬೇಕು. ತಿರುಗಿ ನೋಡಿದ್ರೆ ನೀರು ಕಾರಿನ ಚಕ್ರಕ್ಕೆ ಬಂದಿತ್ತು. ಗಾಬರಿಲಿ ಮೇಲೆ ಹತ್ತಿಸೋಣ ಅಂತ ಒಣ ಮರಳಿಗೆ ತಿರುಗಿಸ್ದೆ, ಆಕ್ಸಿಲರೇಟರ್ ಒತ್ತಿದಷ್ಟೂ ಮುಂದಿನ ಚಕ್ರ ಗುಂಡಿ ತೋಡ್ಕೊಂಡು ಕೂತ್ಕೊಳ್ತು, ಬಂಪರ್ ಮರಳಿಗೆ ತಾಗೋವರೆಗೆ.

ಚೆಂಡಾಡ್ತಿದ್ದ ಏಳೆಂಟು ಹುಡುಗರು ಓಡಿ ಬಂದ್ರು. ಒಬ್ಬ ಟೈರಿನ ಗಾಳಿ ಅರ್ಧ ಬಿಟ್ಟ, ಇನ್ನೊಬ್ಬ ಕಾರೊಳಗಿನ ಮ್ಯಾಟೆಲ್ಲ ಎಳೆದು ಚಕ್ರದ ಕೆಳಗೆ ತುರುಕಿದ, ದೋಣಿ ಹಗ್ಗ ಎಲ್ಲಿಂದಲೋ ಬಂತು. ಒಂದು, ಎರಡು, ಮೂರನೇ ಸಲಕ್ಕೆ ಹೊರಗೆ. ದುಡ್ಡು ಕೊಡೋಕೆ ಹೋದ್ರೆ ಬೇಡ ಅಂದ್ರು. ಅವ್ವ ಸುಮ್ಮನಿರ್ತಾರಾ, ಹಲ್ವಾ ಡಬ್ಬ ಪೂರ್ತಿ ಬಿಚ್ಚಿ ಹಂಚಿಬಿಟ್ರು. ಕಲ್ಲಿಕೋಟೆ ಹಲ್ವಾ ಕಣ್ಣೂರಿನವ್ರಿಗೆ! ಮೇಷ್ಟ್ರೇ, ನಿಮ್ಮ ಗಾಮನ ಜೇನಿನ ಕತೆನೇ ಆಯ್ತು, ಆದ್ರೆ ಇವ್ರು ಯಾರೂ ನಗಲಿಲ್ಲ, ಡಬ್ಬ ಖಾಲಿ ಮಾಡಿ ವಾಪಸ್ ಕೊಟ್ರು.

ಕಣ್ಣೂರಿನ ಸೇಂಟ್ ಏಂಜೆಲೋ ಕೋಟೆ ಒಂದು ಗಂಟೆಲಿ ಮುಗಿಸಿದ್ವಿ. 1505ರಲ್ಲಿ ಪೋರ್ಚುಗೀಸರು ಕಟ್ಟಿದ್ದು, ಆಮೇಲೆ ಡಚ್ಚರು, ಅವ್ರಿಂದ ಅರಕ್ಕಲ್ ಮನೆತನ ಕೊಂಡ್ಕೊಳ್ತು, ಕೊನೆಗೆ ಇಂಗ್ಲಿಷರು. ಮೇಲಿಂದ ಮೀನುದೋಣಿಗಳ ಬಂದರು ಕಾಣುತ್ತೆ, ನಮ್ಮ ಸಂತೆಗೆ ಬರೋ ಮತ್ತಿ, ಬಂಗುಡೆ ಇಳಿಯೋದು ಇಂಥ ಕಡೆಯೇ ಅಂತ ಮಗಳಿಗೆ ತೋರ್ಸಿದೆ. ಪರಶ್ಶಿನಿಕಡವಿಗೆ ಹೋಗೋಕೆ ಆಗ್ಲಿಲ್ಲ, ಒದ್ದೆ ಬಟ್ಟೆ, ಕತ್ತಲಾಗೋ ಮುಂಚೆ ಘಟ್ಟ ಹತ್ತಬೇಕಿತ್ತು. ಅದೊಂದು ಬೇಜಾರು.

ಜೀಪ್ ಮಾವ · ರಾತ್ರಿ 9:18

ನಗಲ್ಲ. ಬೈತೀನಿ. ಹುತ್ತರಿ ಯಾವಾಗ ಬರುತ್ತೆ? ಹುಣ್ಣಿಮೆ ಹೊತ್ತಿಗೆ. ನೀವು ಹೋಗಿದ್ದು ಅದರ ಮಾರನೇ ದಿನಗಳಲ್ಲಿ. ಹುಣ್ಣಿಮೆ ಅಮಾವಾಸ್ಯೆ ಆಗಿ ಒಂದೆರಡು ದಿನ ಉಬ್ಬರ ಬೇರೆ ದಿನಕ್ಕಿಂತ ಮೇಲೆ ಬರುತ್ತೆ ಮಾರಾಯ. ನಾನೂ ಆವತ್ತು ಟೈಮ್ ನೋಡು ಅಂದ್ನೇ ಹೊರತು ತಿಥಿ ನೋಡು ಅಂತ ಹೇಳ್ಲಿಲ್ಲ, ಅದು ನನ್ನ ತಪ್ಪು. ಅಡಿ ತೊಳ್ಸಿದ್ಯಾ? ಬ್ರೇಕ್ ಹತ್ರ, ಸೈಲೆನ್ಸರ್ ಹತ್ರ ಸಿಹಿನೀರು ಪ್ರೆಷರಲ್ಲಿ ಹೊಡೀಬೇಕು, ಇಲ್ಲಾಂದ್ರೆ ಮುಂದಿನ ಮಳೆಗಾಲಕ್ಕೆ ತುಕ್ಕು.

ಅಮ್ಮತ್ತಿ_ರೋಬಸ್ಟಾ · ರಾತ್ರಿ 9:22

ಕಾಫಿಗೆ ನೀರು ಹೊಡಿಯೋ ಪಂಪಲ್ಲೇ ಹೊಡ್ದೆ ಮಾವ, ಎರಡು ದಿನ. ಮ್ಯಾಟಿಂದ ಇನ್ನೂ ಮರಳು ಉದುರ್ತಾ ಉಂಟು.

ಸಂಪಾಜೆ ಗಾಳಿ · ರಾತ್ರಿ 9:30

ಮಲ್ಪೆಗೆ ಹೋಗಿದ್ರೆ ಕಾರ್ ಪಾರ್ಕಿಂಗಲ್ಲೇ ಇರ್ತಿತ್ತು. ಇಷ್ಟೇ ಹೇಳೋದು.

ಮೇಷ್ಟ್ರು_ನಿವೃತ್ತ · ರಾತ್ರಿ 9:47

ಐನ್‌ಮನೆ ಹಾಗೆ ಕಂಡಿದ್ದು ಸರಿಯಾಗೇ ಇದೆ. ಮಳೆ ಒಂದೇ, ಮರ ಒಂದೇ, ಮಾಡಿನ ಇಳಿಜಾರೂ ಅದೇ ಆಗ್ಬೇಕಲ್ಲ. ನಾನು ಮೂವತ್ತು ವರ್ಷ ಪಾಠ ಮಾಡಿ ಈ ಮಾತು ಹೇಳಿರ್ಲಿಲ್ಲ, ನಿಮ್ಮ ತಾಯಿಯವ್ರಿಗೆ ನನ್ನ ನಮಸ್ಕಾರ ತಿಳಿಸಿ.

ಏಲಕ್ಕಿ ಕಾಯಿ · ರಾತ್ರಿ 10:05

ಅವ್ವಂಗೆ ರೈಲು ಇಷ್ಟ ಆಯ್ತು ಅಂದ್ರೆ ಶೋರನೂರಿಂದ ನಿಲಂಬೂರಿಗೆ ಒಂದು ಲೈನ್ ಉಂಟು, 66 ಕಿಲೋಮೀಟರ್, ಸಿಂಗಲ್ ಹಳಿ, ಎರಡೂ ಕಡೆ ತೇಗದ ಮರ, ಪುಟ್ಟ ಪುಟ್ಟ ಸ್ಟೇಷನ್. ನಿಧಾನ ಗಾಡಿ. ಮಂಡಿ ನೋವಿಗೆ ಅದೇ ಒಳ್ಳೇದು, ಕೂತ್ಕೊಂಡೇ ಇರೋದು. ಅರಿಕ್ಕಡುಕ್ಕ ತಿಂದ್ರಾ ಇಲ್ವಾ ಹೇಳ್ಲೇ ಇಲ್ಲ.

ಅಮ್ಮತ್ತಿ_ರೋಬಸ್ಟಾ · ರಾತ್ರಿ 10:20

ಅರಿಕ್ಕಡುಕ್ಕ ಐದೂಮುಕ್ಕಾಲಿಗೆ ಹೋದ್ವಿ ಅಕ್ಕ, ಖಾಲಿ. ನೀವು ಹೇಳಿದ ಹಾಗೇ.

ನಿಲಂಬೂರು ಲೈನಿನ ವಿಷ್ಯ ಈಗಷ್ಟೇ ಅವ್ವಂಗೆ ಓದಿ ಹೇಳ್ದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಕಿಟಕಿ ಹತ್ರ ಜಾಗ ಮೊದಲೇ ಹಿಡ್ದಿಡೋಕೆ ಆಗುತ್ತಾ ಕೇಳು" ಅಂದ್ರು. ಆಗುತ್ತಾ?